ಒದ್ದೆ ತೊಗಲು, ತಾಮ್ರದ ರಿವೆಟ್

ಮನೆಯಲ್ಲಿ ಯಾರದಾದರೂ ಹಳೆಯ ತೊಗಲಿನ ಚಪ್ಪಲಿ ಇದ್ದರೆ ಅದನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಹಿಮ್ಮಡ ಊರುವ ಜಾಗದಲ್ಲಿ ಒಂದು ತಗ್ಗು, ಮುಂದೆ ಐದು ಬೆರಳಿಗೆ ಐದು ಸಣ್ಣ ತಗ್ಗು ಕಾಣುತ್ತವೆ. ಅಜ್ಜನ ಚಪ್ಪಲಿಯನ್ನು ನೀವು ಹಾಕಿಕೊಂಡರೆ, ಅಳತೆ ಒಂದೇ ಆದರೂ, ಅದು ನಿಮ್ಮ ಕಾಲಿಗೆ ಕೂಡುವುದಿಲ್ಲ. ಆ ಚಪ್ಪಲಿ ಅಜ್ಜನ ಕಾಲಿನ ಆಕಾರವನ್ನು ಹಿಡಿದು ಕೂತಿದೆ. ಬೆವರಿನ ತೇವ, ಮೈಯ ಭಾರ, ಆಮೇಲೆ ರಾತ್ರಿಯಿಡೀ ಒಣಗುವುದು: ಈ ಮೂರು ಸೇರಿ ವರ್ಷಗಟ್ಟಲೆ ಮಾಡಿದ ಕೆಲಸ ಅದು.

ಇದೇ ಕೆಲಸವನ್ನು ತೊಗಲಿನ ಕುಶಲಕರ್ಮಿ ಒಂದೇ ದಿನದಲ್ಲಿ ಮಾಡುತ್ತಾನೆ. ತೊಗಲನ್ನು ನೆನೆಸಿ, ಅಚ್ಚಿಗೆ ಒತ್ತಿ, ಒಣಗಿಸಿ, ಬೇಕಾದ ಆಕಾರ ತೆಗೆಯುತ್ತಾನೆ. ಕನ್ನಡಕದ ಗೂಡು, ಕುಡುಗೋಲಿನ ಚೀಲ, ಕತ್ತಿಯ ಒರೆ ಎಲ್ಲ ಹೀಗೇ ಆಗುವುದು. ತುಂಡುಗಳನ್ನು ಜೋಡಿಸಲು ಹೊಲಿಗೆ ಹಾಕುತ್ತಾನೆ, ಇಲ್ಲವೆ ರಿವೆಟ್ ಹೊಡೆಯುತ್ತಾನೆ. ಅಚ್ಚು ಮತ್ತು ರಿವೆಟ್, ಇವೆರಡರ ಹಿಂದೆ ಏನು ನಡೆಯುತ್ತದೆ ಅಂತ ನೋಡೋಣ. ಓದುವಾಗ ಕೈಯಲ್ಲಿ ಒಂದು ತೊಗಲಿನ ತುಂಡು ಇದ್ದರೆ ಒಳ್ಳೆಯದು.

ತೊಗಲು ಅಂದರೆ ಬಹುಮಟ್ಟಿಗೆ ಕೊಲಾಜನ್ ಎಂಬ ಪ್ರೋಟೀನು. ನಿಮ್ಮ ಚರ್ಮ, ಎಲುಬು, ಸ್ನಾಯುರಜ್ಜು ಎಲ್ಲದರಲ್ಲೂ ಇರುವುದು ಇದೇ. ಇದರ ಅಣು ಒಂದು ಹಗ್ಗ. ಹೊಲದಲ್ಲಿ ಹಗ್ಗ ಹೊಸೆಯುವುದನ್ನು ನೋಡಿದ್ದೀರಲ್ಲ, ಮೂರು ಎಳೆಗಳನ್ನು ಒಂದರ ಮೇಲೊಂದು ಸುತ್ತಿ ಹುರಿ ಮಾಡುತ್ತಾರೆ. ಕೊಲಾಜನ್‌ನಲ್ಲೂ ಮೂರು ಸರಪಳಿಗಳು ಹಾಗೆಯೇ ಸುತ್ತಿಕೊಂಡಿವೆ. ಉದ್ದ ಸುಮಾರು 300 ನ್ಯಾನೋಮೀಟರ್, ದಪ್ಪ 1.5 ನ್ಯಾನೋಮೀಟರ್. ಅಂದರೆ ಈ ಅಣು ಪೆನ್ಸಿಲಿನಷ್ಟು ದಪ್ಪ ಇದ್ದಿದ್ದರೆ ಅದರ ಉದ್ದ ಸುಮಾರು ಒಂದೂವರೆ ಮೀಟರ್ ಆಗುತ್ತಿತ್ತು. ಇಂಥ ಹುರಿಗಳು ಕಟ್ಟುಕಟ್ಟಾಗಿ ಸೇರಿ ನಾರು, ನಾರುಗಳು ಮೇಲೆ ಕೆಳಗೆ ಅಡ್ಡ ಉದ್ದ ಹೆಣೆದುಕೊಂಡು ತೊಗಲು. ಬಟ್ಟೆಯಲ್ಲಿ ನೂಲು ಎರಡೇ ದಿಕ್ಕಿಗೆ ಓಡುತ್ತದೆ, ತೊಗಲಿನಲ್ಲಿ ಎಲ್ಲ ದಿಕ್ಕಿಗೂ. ಅದಕ್ಕೇ ತೊಗಲನ್ನು ಎಲ್ಲಿ ಕತ್ತರಿಸಿದರೂ ಅಂಚು ಬಟ್ಟೆಯ ಹಾಗೆ ಎಳೆ ಬಿಡುವುದಿಲ್ಲ.

ಈ ಮೂರೆಳೆಯ ರಚನೆಯನ್ನು ಮೊದಲು ಮುಂದಿಟ್ಟವರು ನಮ್ಮ ಪಕ್ಕದವರೇ. ಎರ್ನಾಕುಲಂನಲ್ಲಿ 1922ರಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಬಳಿ ಕಲಿತ ಜಿ.ಎನ್. ರಾಮಚಂದ್ರನ್ ಆಗ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಅದೇ ಊರಿನಲ್ಲಿ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ 1948ರಲ್ಲಿ ಶುರುವಾಗಿತ್ತು. ಅಲ್ಲಿಂದ ಅವರಿಗೆ ಕಾಂಗರೂ ಬಾಲದ ಸ್ನಾಯುರಜ್ಜಿನ ಮಾದರಿ ಸಿಕ್ಕಿತು. ಅದರ ಮೂಲಕ ಕ್ಷ-ಕಿರಣ ಹಾಯಿಸಿ, ಬಿದ್ದ ಚುಕ್ಕೆಗಳ ಚಿತ್ರ ನೋಡಿ, ಗೋಪಿನಾಥ ಕರ್ತಾ ಅವರ ಜೊತೆ ಲೆಕ್ಕ ಹಾಕಿ, 1954ರಲ್ಲಿ ಅವರು ಮೂರು ಸರಪಳಿಯ ಮಾದರಿಯನ್ನು ಪ್ರಕಟಿಸಿದರು. ಮರುವರ್ಷ ಅದನ್ನು ತಿದ್ದಿ ಇನ್ನೂ ಖಚಿತ ಮಾಡಿದರು. ಡಿಎನ್‌ಎಯ ಎರಡೆಳೆ ಎಲ್ಲರಿಗೂ ಗೊತ್ತು, ಕೊಲಾಜನ್‌ನ ಮೂರೆಳೆ ಯಾಕೋ ನಮ್ಮ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಇನ್ನು ಮೇಲೆ ಗೊತ್ತಿರಲಿ.

ಹಸಿ ತೊಗಲನ್ನು ಹಾಗೇ ಬಿಟ್ಟರೆ ಬ್ಯಾಕ್ಟೀರಿಯಾ ತಿಂದು ಕೊಳೆಯುತ್ತದೆ. ಹಾಗೇ ಒಣಗಿಸಿದರೆ ನಾರುಗಳು ಒಂದಕ್ಕೊಂದು ಅಂಟಿಕೊಂಡು ಗಡಸಾಗುತ್ತದೆ, ಹಲಗೆಯ ಮೇಲಿನ ತೊಗಲಿನ ಹಾಗೆ. ಬಾರಿಸಲು ಅದು ಬೇಕು, ಚಪ್ಪಲಿಗೆ ಬೇಡ. ಹಾಗಾಗಿ ಹದ ಮಾಡಬೇಕು. ಹಳೆಯ ಪದ್ಧತಿಯಲ್ಲಿ ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಚೀಲದಂತೆ ಹೊಲಿದು, ಅದರೊಳಗೆ ಕುಟ್ಟಿದ ಜಾಲಿ ತೊಗಟೆ ಮತ್ತು ನೀರು ತುಂಬಿ ಮೇಲಿನಿಂದ ತೂಗುಹಾಕುತ್ತಾರೆ. ಒಳಗಿನ ನೀರಿನ ಕಂಬದ ಒತ್ತಡಕ್ಕೆ ಕಷಾಯ ತೊಗಲಿನ ರಂಧ್ರಗಳ ಮೂಲಕ ಹನಿಹನಿಯಾಗಿ ಹೊರಗೆ ಬರುತ್ತದೆ. ಬಿದ್ದ ಕಷಾಯವನ್ನು ಹಿಡಿದು ಮತ್ತೆ ಮೇಲಿನಿಂದ ಹೊಯ್ಯುವುದು. ಪಂಪು ಇಲ್ಲ, ಕರೆಂಟು ಇಲ್ಲ. ದ್ರವದ ಒತ್ತಡ ಆಳದ ಮೇಲೆ ಅವಲಂಬಿಸುತ್ತದೆ ಎಂಬ ನಿಮ್ಮ ಪಾಠ ಅಲ್ಲಿ ತೂಗಾಡುತ್ತಿರುತ್ತದೆ.

ಜಾಲಿ ತೊಗಟೆ, ಅಳಲೆಕಾಯಿ (ಜತ್ತ, ಅಕ್ಕಲಕೋಟ ಕಡೆ ಮರಾಠಿಯ ಹಿರಡಾ ಅಂದರೂ ನಡೆಯುತ್ತದೆ) ಇವೆರಡರಲ್ಲೂ ಟ್ಯಾನಿನ್ ಇದೆ. ಅಳಲೆಕಾಯಿ ಕಚ್ಚಿದರೆ ನಾಲಿಗೆ ಒಗರಾಗಿ ಬಿಗಿದುಕೊಳ್ಳುತ್ತದಲ್ಲ, ಅದು ಟ್ಯಾನಿನ್ ನಿಮ್ಮ ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಂಡ ಗುರುತು. ತೊಗಲಿನಲ್ಲೂ ಅದೇ ನಡೆಯುವುದು. ಟ್ಯಾನಿನ್ ಕೊಲಾಜನ್ ನಾರುಗಳ ನಡುವೆ ಹೊಕ್ಕು ಹಿಡಿದುಕೊಳ್ಳುತ್ತದೆ. ಆಗ ನಾರುಗಳು ಒಣಗಿದಾಗ ಒಂದಕ್ಕೊಂದು ಪೂರ್ತಿ ಅಂಟುವುದಿಲ್ಲ, ಬ್ಯಾಕ್ಟೀರಿಯಾಗಳಿಗೂ ಸುಲಭದ ಊಟವಾಗುವುದಿಲ್ಲ.

ಈಗ ಅಚ್ಚಿನ ವಿಷಯ. ಇಸ್ತ್ರಿ ಮಾಡುವಾಗ ಅಂಗಿಯ ಮೇಲೆ ನೀರು ಚಿಮುಕಿಸುತ್ತೀರಿ. ಎದ್ದು ನಿಂತ ಕೂದಲಿಗೆ ನೀರು ಹಚ್ಚಿ ಬಾಚುತ್ತೀರಿ, ಒಣಗಿದ ಮೇಲೆ ಬಾಚಿದ ಹಾಗೇ ನಿಲ್ಲುತ್ತದೆ. ತೊಗಲಿನ ಕತೆಯೂ ಇದೇ. ಒಣಗಿದ ತೊಗಲಿನಲ್ಲಿ ನಾರುಗಳ ನಡುವೆ ಲೆಕ್ಕವಿಲ್ಲದಷ್ಟು ಹೈಡ್ರೋಜನ್ ಬಂಧಗಳಿವೆ. ಒಂದೊಂದೂ ದುರ್ಬಲ, ಒಟ್ಟಾದರೆ ಗಟ್ಟಿ. ನೀರು ಒಳಹೊಕ್ಕಾಗ ಈ ಬಂಧಗಳನ್ನು ಬಿಡಿಸಿ ತಾನೇ ನಡುವೆ ಕೂರುತ್ತದೆ. ನಾರುಗಳು ಒಂದರ ಮೇಲೊಂದು ಜಾರಲು ಶುರುಮಾಡುತ್ತವೆ. ಆ ಹೊತ್ತಿಗೆ ನೀವು ಒತ್ತಿ ಹೊಸ ಆಕಾರ ಕೊಟ್ಟು ಹಾಗೇ ಹಿಡಿದಿಟ್ಟರೆ, ನೀರು ಆರಿ ಹೋಗುವಾಗ ಬಂಧಗಳು ಹೊಸ ಜಾಗದಲ್ಲಿ ಮತ್ತೆ ಕೂಡುತ್ತವೆ.

ಮಾಡಿ ನೋಡಿ. ತೊಗಟೆ ಹದದ, ಸುಮಾರು 2 ಮಿ.ಮೀ. ದಪ್ಪದ, ಅಂಗೈಗಿಂತ ಸ್ವಲ್ಪ ದೊಡ್ಡ ತುಂಡು ಬೇಕು. ಚಪ್ಪಲಿ ಮಾಡುವವರ ಹತ್ತಿರ ಕತ್ತರಿಸಿ ಉಳಿದ ಚೂರು ಕೇಳಿದರೆ ಸಿಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿ. ಸಣ್ಣ ಗುಳ್ಳೆಗಳು ಏಳುತ್ತವೆ, ಅದು ನಾರುಗಳ ನಡುವಿನ ಗಾಳಿ. ಗುಳ್ಳೆ ನಿಂತ ಮೇಲೆ ತೆಗೆದು, ತಕ್ಷಣ ಒತ್ತಲು ಹೋಗಬೇಡಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಹೊತ್ತು ಇಡಿ. ಮೇಲ್ಮೈಯ ಬಣ್ಣ ಮತ್ತೆ ತಿಳಿಯಾಗಲು ಶುರುವಾದಾಗ, ಒಳಗೆ ಇನ್ನೂ ತೇವ ಇರುವಾಗ, ಅದು ಹದ.

ಈ ಹದವನ್ನು ಹಿಡಿಯುವುದು ಹೇಗೆ ಅಂತ ನಮ್ಮೂರಿನಲ್ಲಿ ಚಪ್ಪಲಿ ಮಾಡುವ ಒಬ್ಬ ಅಜ್ಜನನ್ನು ಕೇಳಿದ್ದೆ. "ಸರ, ನೀರ ಭಾಳ ಆದ್ರ ತೊಗಲ ಸತ್ತಂಗ ಆಕ್ಕೈತಿ. ಕಡಿಮಿ ಆದ್ರ ಹಟ ಹಿಡಿತೈತಿ. ಗಲ್ಲಕ್ಕ ಹಚ್ಚಿ ನೋಡ್ರಿ, ತಣ್ಣಗ ಹತ್ತಬೇಕು, ಆದ್ರ ಗಲ್ಲ ತೊಯ್ಯಬಾರದು" ಅಂದ. ಈ ಮಾತನ್ನು ನಮ್ಮ ಪುಸ್ತಕದ ಭಾಷೆಗೆ ತಂದರೆ ಏನಾಗುತ್ತದೆ ನೋಡಿ. ಮೇಲ್ಮೈಯಲ್ಲಿ ನಿಂತ ನೀರಿಲ್ಲ, ಆದರೆ ಒಳಗಿನ ನೀರು ಆವಿಯಾಗುತ್ತಲೇ ಇದೆ. ಆವಿಯಾಗುವುದಕ್ಕೆ ಬೇಕಾದ ಗುಪ್ತೋಷ್ಣವನ್ನು ಅದು ಗಲ್ಲದಿಂದ ಎಳೆದುಕೊಳ್ಳುತ್ತದೆ, ಗಲ್ಲ ತಣ್ಣಗಾಗುತ್ತದೆ. ತೇವಾಂಶ ಅಳೆಯುವ ಯಂತ್ರವೇ ಬೇಕಿಲ್ಲ. ಗಲ್ಲ ಯಾಕೆ, ಕೈ ಯಾಕಲ್ಲ ಅಂತ ಕೇಳಬಹುದು. ಕೆಲಸ ಮಾಡಿ ಮಾಡಿ ಅಜ್ಜನ ಅಂಗೈ ದಡ್ಡುಗಟ್ಟಿದೆ, ಅದಕ್ಕೆ ತಣ್ಣಗೆ ಬಿಸಿ ಬೇಗ ತಿಳಿಯುವುದಿಲ್ಲ.

ಹದಕ್ಕೆ ಬಂದ ತುಂಡನ್ನು ಬೋರಲು ಹಾಕಿದ ಸಣ್ಣ ಬಟ್ಟಲಿನ ಮೇಲೆ ಹೊದಿಸಿ, ನಡುವಿನಿಂದ ಅಂಚಿನ ಕಡೆಗೆ ಹೆಬ್ಬೆರಳಿನಿಂದ ಒತ್ತುತ್ತ ಬನ್ನಿ. ಕಬ್ಬಿಣದ ಅಚ್ಚು ಬೇಡ, ಕಾರಣ ಮುಂದೆ ಹೇಳುತ್ತೇನೆ. ಒಂದು ಕಾಗದವನ್ನೂ ಹೀಗೇ ಹೊದಿಸಿ ನೋಡಿ: ಮಡಿಕೆ ಬೀಳದೆ ಅದು ಗುಂಡಗಿನ ಮೇಲೆ ಕೂರುವುದೇ ಇಲ್ಲ. ಚಪ್ಪಟೆ ಹಾಳೆ ಗುಮ್ಮಟವಾಗಬೇಕಾದರೆ ನಡುಭಾಗ ಹಿಗ್ಗಬೇಕು, ಅಂಚು ಕುಗ್ಗಬೇಕು. ಕಾಗದಕ್ಕೆ ಅದು ಆಗದು, ಒದ್ದೆ ತೊಗಲಿಗೆ ಆಗುತ್ತದೆ. ಅಂಚಿನಲ್ಲಿ ನೆರಿಗೆ ಬಂದರೆ ಉಗುರು ತಾಗಿಸದೆ ಸ್ವಲ್ಪ ಸ್ವಲ್ಪವಾಗಿ ತಿಕ್ಕಿ ಇಳಿಸಿ. ಒದ್ದೆ ತೊಗಲು ಉಗುರಿನ ಗೆರೆಯನ್ನೂ ಅಷ್ಟೇ ನಿಯತ್ತಾಗಿ ಹಿಡಿದುಕೊಳ್ಳುತ್ತದೆ. ಸೈಕಲ್ ಟ್ಯೂಬಿನ ಪಟ್ಟಿಯಿಂದ ಸುತ್ತ ಬಿಗಿದು ನೆರಳಿನಲ್ಲಿ ಒಂದು ದಿನ ಬಿಡಿ. ಬಿಚ್ಚಿದಾಗ ನಿಮ್ಮ ಕೈಯಲ್ಲಿ ತೊಗಲಿನ ಬಟ್ಟಲು ಇರುತ್ತದೆ.

ಬೇಗ ಒಣಗಲಿ ಅಂತ ಒಲೆಯ ಹತ್ತಿರ ಇಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಒದ್ದೆ ತೊಗಲಿಗೆ ಒಂದು ಗಡಿ ತಾಪವಿದೆ. ಅದನ್ನು ದಾಟಿದರೆ ಆ ಮೂರೆಳೆಯ ಹುರಿಯೇ ಬಿಚ್ಚಿಕೊಂಡು ತೊಗಲು ಸರ್ರನೆ ಮುದುಡುತ್ತದೆ, ಹಿಂದಕ್ಕೆ ಬರುವುದಿಲ್ಲ. ಹಸಿ ತೊಗಲಿಗೆ ಈ ಗಡಿ ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್, ತೊಗಟೆ ಹದದ ತೊಗಲಿಗೆ 70ರಿಂದ 85ರ ಆಸುಪಾಸು. ಕ್ರೋಮ್ ಹದದ ತೊಗಲು ಕುದಿಯುವ ನೀರನ್ನೂ ತಡೆದುಕೊಳ್ಳಬಲ್ಲದು.

ಈ ಕ್ರೋಮ್ ಹದ 19ನೆಯ ಶತಮಾನದ ಕೊನೆಗೆ ಬಳಕೆಗೆ ಬಂತು. ಇವತ್ತು ಅಂಗಡಿಯಲ್ಲಿ ಸಿಗುವ ಮೆತ್ತನೆಯ ಬೂಟು, ಪರ್ಸುಗಳಲ್ಲಿ ಹೆಚ್ಚಿನವು ಇದರವೇ. ತೊಗಟೆಯಲ್ಲಿ ವಾರಗಟ್ಟಲೆ ಹಿಡಿಯುವ ಹದ ಕ್ರೋಮಿಯಂ ಲವಣದಲ್ಲಿ ಒಂದೆರಡು ದಿನಕ್ಕೆ ಮುಗಿಯುತ್ತದೆ. ಕ್ರೋಮಿಯಂ ಕೊಲಾಜನ್ ಸರಪಳಿಗಳ ನಡುವೆ ಗಟ್ಟಿ ಸೇತುವೆ ಕಟ್ಟುತ್ತದೆ. ನೀರಿಗೆ ಆ ಸೇತುವೆ ಬಿಚ್ಚುವುದಿಲ್ಲ. ಅದಕ್ಕೇ ಕ್ರೋಮ್ ತೊಗಲನ್ನು ಎಷ್ಟು ನೆನೆಸಿ ಒತ್ತಿದರೂ ಒಣಗಿದ ಮೇಲೆ ಬಹುಪಾಲು ಹಳೆಯ ಆಕಾರಕ್ಕೇ ವಾಪಸು. ನಿಮ್ಮ ತುಂಡು ಯಾವುದು ಅಂತ ತಿಳಿಯಲು ಕತ್ತರಿಸಿದ ಅಂಚು ನೋಡಿ: ಒಳಗೆಲ್ಲ ಕಂದು ಇದ್ದರೆ ಹೆಚ್ಚಾಗಿ ತೊಗಟೆ ಹದ, ನಡುವೆ ನೀಲಿ-ಬೂದು ಗೆರೆ ಇದ್ದರೆ ಕ್ರೋಮ್. ಸುಟ್ಟು ನೋಡುವ ಪರೀಕ್ಷೆ ಮಾತ್ರ ಬೇಡ. ಕ್ರೋಮ್ ತೊಗಲು ಸುಟ್ಟರೆ ಅದರ ಬೂದಿ ವಿಷಕಾರಿ ಆಗಬಹುದು.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಶಾಲೆಯ ಫಾರ್ಮಿನಲ್ಲಿ "ತಂದೆಯ ಉದ್ಯೋಗ" ಎಂಬ ಸಾಲು ಬಂದಾಗ ತೊಗಲಿನ ಕೆಲಸದ ಮನೆಯ ಮಕ್ಕಳು "ಕೂಲಿ" ಅಂತ ಬರೆಯುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಯಾಕೆ ಹಾಗೆ ಬರೆಯುತ್ತಾರೆ ಅನ್ನೋದು ಅವರಿಗೂ ಗೊತ್ತು, ಪಕ್ಕದ ಬೆಂಚಿನವರಿಗೂ ಗೊತ್ತು. ನಾಚಿಕೆ ಪಡಬೇಕಾದವರು ಅವರಲ್ಲ. ಕೊಲ್ಲಾಪುರಿ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ಜಿಲ್ಲೆಗಳಿವೆ. ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಇವೆ. ಗಡಿ ಆಚೆ ಈಚೆ ಎರಡೂ ಕಡೆಯ ಕೈಗಳು ಒಂದೇ ಪಟ್ಟಿಯಲ್ಲಿವೆ. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ನಗರದ ಫ್ಯಾಶನ್ ಪ್ರದರ್ಶನದಲ್ಲಿ ಅದೇ ನಮೂನೆಯ ಚಪ್ಪಲಿ ಕಾಣಿಸಿಕೊಂಡು ದೊಡ್ಡ ಸುದ್ದಿಯಾಯಿತು. ಮಿಲಾನ್ ನೋಡಿದ ಮೇಲೆ ಅದರ ಬೆಲೆ ನಮಗೆ ತಿಳಿಯಬೇಕಾಗಿರಲಿಲ್ಲ ಅಂತ ನನ್ನ ಅಭಿಪ್ರಾಯ. ಪ್ರೋಟೀನು, ಟ್ಯಾನಿನ್, ದ್ರವದ ಒತ್ತಡ, ಗುಪ್ತೋಷ್ಣ ಇಷ್ಟನ್ನೂ ಒಂದೇ ಕೆಲಸದಲ್ಲಿ ಕೈಯಾರೆ ಬಲ್ಲವರು ನಿಮ್ಮ ಓಣಿಯಲ್ಲೇ ಇದ್ದರೆ, ಅವರನ್ನು ಒಂದು ದಿನ ಪ್ರಯೋಗಾಲಯಕ್ಕೆ ಕರೆಯಿರಿ ಅಂತ ನಿಮ್ಮ ಸರ್‌ಗೆ, ಟೀಚರ್‌ಗೆ ಹೇಳಿ.

ಇನ್ನು ರಿವೆಟ್. ಮೊಳೆ ಕಟ್ಟಿಗೆಯಲ್ಲಿ ನಿಲ್ಲುವುದು ಘರ್ಷಣೆಯಿಂದ. ಕಟ್ಟಿಗೆಯ ನಾರು ಅದನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುತ್ತದೆ. ತೆಳ್ಳನೆಯ ತೊಗಲಿಗೆ ಅಷ್ಟು ಹಿಡಿತ ಎಲ್ಲಿಂದ ಬರಬೇಕು? ರಿವೆಟ್ ಘರ್ಷಣೆಯನ್ನು ನಂಬುವುದಿಲ್ಲ. ಅದಕ್ಕೆ ಒಂದು ಕಡೆ ತಲೆ ಮೊದಲೇ ಇರುತ್ತದೆ, ಇನ್ನೊಂದು ಕಡೆ ತಲೆಯನ್ನು ನಾವು ಕುಟ್ಟಿ ಮಾಡುತ್ತೇವೆ. ಎರಡು ತಲೆಗಳ ನಡುವೆ ತೊಗಲು ಸಿಕ್ಕಿಕೊಳ್ಳುತ್ತದೆ.

ತಾಮ್ರದ ರಿವೆಟ್ ಹೊಡೆಯುವ ಕ್ರಮ ಹೀಗೆ. ಎರಡೂ ತುಂಡುಗಳಲ್ಲಿ ರಿವೆಟ್ಟಿನ ಕಾಲು ಬಿಗಿಯಾಗಿ ಹೋಗುವಷ್ಟೇ ದುಂಡು ತೂತು ತೆಗೆದು, ಕಾಲನ್ನು ತೂರಿಸಿ, ಮೇಲಿನಿಂದ ತಾಮ್ರದ ವಾಷರ್ ಇಳಿಸಿ ತೊಗಲಿಗೆ ಒತ್ತಿ ಕೂರಿಸುತ್ತಾರೆ. ವಾಷರಿನ ಮೇಲೆ 2 ಮಿ.ಮೀ.ನಷ್ಟು ಮಾತ್ರ ಬಿಟ್ಟು ಉಳಿದ ಕಾಲನ್ನು ಕತ್ತರಿಸುತ್ತಾರೆ. ಕೆಳತಲೆ ಅಡಿಗಲ್ಲಿನ ಮೇಲೆ ಇರಬೇಕು. ಆಮೇಲೆ ಗುಂಡು ಮೂತಿಯ ಸುತ್ತಿಗೆಯಿಂದ ಸಣ್ಣ ಸಣ್ಣ ಏಟು, ಸುತ್ತಲೂ. ಒಂದೇ ದೊಡ್ಡ ಏಟು ಹಾಕಿದರೆ ಕಾಲು ಒಳಗೇ ಬಾಗುತ್ತದೆ. ಸಣ್ಣ ಏಟಿಗೆ ತುದಿ ಅಣಬೆಯ ಹಾಗೆ ಅರಳುತ್ತದೆ. ಕತ್ತರಿಸುವಾಗ ತಾಮ್ರದ ಚೂರು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇರಲಿ, ದೊಡ್ಡವರು ಪಕ್ಕದಲ್ಲಿರಲಿ.

ತಾಮ್ರವೇ ಯಾಕೆ? ಕುಟ್ಟಿದರೆ ಒಡೆಯದೆ ಹರಡುವ ಗುಣ, ಅಂದರೆ ಕುಟ್ಯತೆ, ಅದಕ್ಕೆ ಚೆನ್ನಾಗಿದೆ. ಆದರೆ ಕುಟ್ಟುತ್ತ ಹೋದಂತೆ ಅದು ಗಡಸಾಗುತ್ತದೆ. ಹಳೆಯ ವೈರಿನ ಒಂದು ದಪ್ಪ ತಾಮ್ರದ ತಂತಿಯನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸಿ ನೋಡಿ: ಮೊದಲು ಸಲೀಸು, ಆಮೇಲೆ ಬಿಗಿ, ಕೊನೆಗೆ ಪಟ್ಟನೆ ಮುರಿಯುತ್ತದೆ. ಅತಿಯಾಗಿ ಕುಟ್ಟಿದ ರಿವೆಟ್ಟಿನ ಅಂಚು ಸೀಳುವುದೂ ಇದೇ ಕಾರಣಕ್ಕೆ.

ರಿವೆಟ್ಟಿಗಿಂತ ಮೊದಲು ಸೋಲುವುದು ಹೆಚ್ಚಾಗಿ ತೂತು. ಹಳೆಯ ನೋಟುಬುಕ್ಕಿನ ರಟ್ಟಿನಿಂದ 3 ಸೆಂ.ಮೀ. ಅಗಲದ ಎರಡು ಪಟ್ಟಿ ಕತ್ತರಿಸಿ. ಒಂದರ ನಡುವೆ ಕಚೇರಿಯ ಪಂಚಿಂಗ್ ಮಷಿನ್ನಿನಿಂದ ದುಂಡು ತೂತು ಮಾಡಿ. ಇನ್ನೊಂದರಲ್ಲಿ ಬ್ಲೇಡಿನಿಂದ ಅಷ್ಟೇ ಅಗಲದ ಅಡ್ಡ ಸೀಳು ಹಾಕಿ. ಎರಡನ್ನೂ ಎಳೆಯಿರಿ. ಸೀಳು ಹಾಕಿದ ಪಟ್ಟಿ ಬೇಗ ಹರಿಯುತ್ತದೆ. ಎಳೆತ ಚೂಪಾದ ತುದಿಯಲ್ಲಿ ಗುಂಪುಗೂಡುತ್ತದೆ, ದುಂಡು ಅಂಚಿನಲ್ಲಿ ಹಂಚಿಕೊಳ್ಳುತ್ತದೆ. ಆದ್ದರಿಂದಲೇ ಬೆಲ್ಟಿನ ತೂತು ದುಂಡಗೆ ಇರುವುದು, ತಾಡಪತ್ರಿಯ ಮೂಲೆಗೆ ಲೋಹದ ಬಳೆ ಹಾಕುವುದು. ತೂತು ಅಂಚಿಗೆ ತೀರಾ ಹತ್ತಿರವೂ ಇರಬಾರದು, 4 ಮಿ.ಮೀ. ತೂತಿಗೆ ಅಂಚಿನಿಂದ 8-10 ಮಿ.ಮೀ. ಆದರೂ ಬಿಡಿ. ಪಟ್ಟಿಯನ್ನು ಪ್ರಾಣಿಯ ಬೆನ್ನಿನ ಉದ್ದಕ್ಕೆ ಕತ್ತರಿಸಿದರೆ ಒಳ್ಳೆಯದು. ಹೊಟ್ಟೆ ಭಾಗದ ತೊಗಲಿನಲ್ಲಿ ನಾರು ಸಡಿಲ, ಎಳೆದರೆ ಹಿಗ್ಗುತ್ತದೆ, ತೂತು ಸೌತೆಬೀಜದ ಆಕಾರಕ್ಕೆ ತಿರುಗುತ್ತದೆ.

ಜೀನ್ಸ್ ಪ್ಯಾಂಟಿನ ಜೇಬಿನ ಮೂಲೆಯಲ್ಲಿರುವ ಸಣ್ಣ ತಾಮ್ರದ ಗುಂಡಿ ಇದೇ ರಿವೆಟ್. ಅಮೆರಿಕದ ರೀನೋ ಊರಿನ ದರ್ಜಿ ಜೇಕಬ್ ಡೇವಿಸ್ ಕುದುರೆಯ ಹೊದಿಕೆಯ ಪಟ್ಟಿಗಳಿಗೆ ಬಳಸುತ್ತಿದ್ದ ರಿವೆಟ್ಟನ್ನು ಪ್ಯಾಂಟಿನ ಜೇಬಿಗೆ ಹಾಕಿದ. ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆ ಸೇರಿ 1873ರ ಮೇ 20ರಂದು ಅದಕ್ಕೆ ಪೇಟೆಂಟ್ ಪಡೆದ. ಜೇಬು ಹರಿಯುವುದು ಯಾವಾಗಲೂ ಮೂಲೆಯಿಂದ. ರಟ್ಟಿನ ಪ್ರಯೋಗ ಮಾಡಿದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ.

ಹಾಗಂತ ರಿವೆಟ್ ಎಲ್ಲದಕ್ಕೂ ಮದ್ದಲ್ಲ. ಚೀಲದ ಪಟ್ಟಿಗೆ 20 ಕೆಜಿ ಭಾರ ಬಿದ್ದು ಎರಡೇ ರಿವೆಟ್ ಇದ್ದರೆ ಒಂದೊಂದಕ್ಕೆ ಹತ್ತತ್ತು ಕೆಜಿ. ಅದೇ 20 ಹೊಲಿಗೆ ಇದ್ದರೆ, ಸಮನಾಗಿ ಹಂಚಿದರೆ, ಒಂದೊಂದಕ್ಕೆ ಒಂದೇ ಕೆಜಿ. ಒಳ್ಳೆಯ ಕೆಲಸಗಾರ ಎರಡನ್ನೂ ಹಾಕುತ್ತಾನೆ: ಹೊಲಿಗೆ ಉದ್ದಕ್ಕೆ, ಹರಿಯಲು ಶುರುವಾಗುವ ತುದಿಯಲ್ಲಿ ರಿವೆಟ್.

ಕಬ್ಬಿಣ ಬೇಡ ಅಂದಿದ್ದೆನಲ್ಲ. ಹಾಲು ಹಾಕದ ಗಟ್ಟಿ ಚಹಾ ಕಷಾಯ ಅರ್ಧ ಲೋಟ ತೆಗೆದುಕೊಳ್ಳಿ. ಬೇರೊಂದು ಲೋಟದಲ್ಲಿ ತುಕ್ಕು ಹಿಡಿದ ನಾಲ್ಕು ಮೊಳೆಗಳನ್ನು ನಿಂಬೆರಸದಲ್ಲಿ ಒಂದು ರಾತ್ರಿ ನೆನೆಸಿ. ಆ ರಸವನ್ನು ಚಹಾಕ್ಕೆ ಚಮಚದಿಂದ ಹನಿಸಿ. ಚಹಾ ಕಪ್ಪಾಗುತ್ತದೆ (ಕುಡಿಯಬೇಡಿ). ಟ್ಯಾನಿನ್ ಮತ್ತು ಕಬ್ಬಿಣ ಸೇರಿದರೆ ಕಡುಗಪ್ಪು ಸಂಯುಕ್ತ ಆಗುತ್ತದೆ. ಯುರೋಪಿನಲ್ಲಿ ಶತಮಾನಗಳ ಕಾಲ ಬರೆಯುವ ಶಾಯಿ ಮಾಡಿದ್ದು ಇದರಿಂದಲೇ. ಆಂಧ್ರದ ಶ್ರೀಕಾಳಹಸ್ತಿಯ ಕಲಂಕಾರಿಯಲ್ಲಿ ಅಳಲೆಕಾಯಿ ಕಷಾಯದಲ್ಲಿ ಅದ್ದಿದ ಬಟ್ಟೆಯ ಮೇಲೆ ಕಬ್ಬಿಣ ಮತ್ತು ಬೆಲ್ಲದ ನೀರಿನಿಂದ ಕಪ್ಪು ಗೆರೆ ಎಳೆಯುವುದೂ ಇದೇ ರಸಾಯನ. ತೊಗಟೆ ಹದದ ಒದ್ದೆ ತೊಗಲಿಗೆ ಕಬ್ಬಿಣ ತಾಗಿದರೆ ಅಲ್ಲೇ ಕಪ್ಪು ಕಲೆ, ಕಾಲಾಂತರದಲ್ಲಿ ಆ ಜಾಗ ಬಿರುಸಾಗಿ ಒಡೆಯುತ್ತದೆ. ತಾಮ್ರಕ್ಕೆ ಈ ದೋಷವಿಲ್ಲ. ತೊಗಲಿನ ಎಣ್ಣೆಯ ಜೊತೆ ಸೇರಿ ಸುತ್ತಲೂ ಸ್ವಲ್ಪ ಹಸಿರು ಜಿಡ್ಡು ಕಟ್ಟುತ್ತದೆ ಅಷ್ಟೇ, ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ.

ಸಾಂಪ್ರದಾಯಿಕ ಕೊಲ್ಲಾಪುರಿ ಚಪ್ಪಲಿಯಲ್ಲಿ ಈ ಸಮಸ್ಯೆಯೇ ಹುಟ್ಟುವುದಿಲ್ಲ. ಅದರಲ್ಲಿ ಮೊಳೆಯೂ ಇಲ್ಲ, ರಿವೆಟ್ಟೂ ಇಲ್ಲ. ಅಡಿಯ ಪದರಗಳನ್ನು ತೊಗಲಿನದೇ ಸಣ್ಣ ಎಳೆಯಿಂದ, ನಮ್ಮ ಕಡೆ ವಾದಿ ಅಂತಾರೆ, ಹೊಲಿದಿರುತ್ತಾರೆ. ಒದ್ದೆ ಎಳೆ ಒಣಗುವಾಗ ಕುಗ್ಗಿ ತಾನೇ ಬಿಗಿಯಾಗುತ್ತದೆ. ಹೊಲಿಗೆಯೂ ಹೊಲಿಸಿಕೊಂಡದ್ದೂ ಒಂದೇ ವಸ್ತು, ಆದ್ದರಿಂದ ಮಳೆಗಾಲದಲ್ಲಿ ಒಟ್ಟಿಗೆ ಹಿಗ್ಗುತ್ತವೆ, ಬೇಸಗೆಯಲ್ಲಿ ಒಟ್ಟಿಗೆ ಕುಗ್ಗುತ್ತವೆ.

ಎಷ್ಟು ಕುಗ್ಗುತ್ತದೆ ಅನ್ನೋದನ್ನು ನೀವೇ ಅಳೆಯಿರಿ. ಒಂದೇ ತೊಗಲಿನಿಂದ 10 ಸೆಂ.ಮೀ. ಉದ್ದದ ಮೂರು ಪಟ್ಟಿ ಕತ್ತರಿಸಿ ನೆನೆಸಿ. ಒಂದನ್ನು ನೆರಳಿನಲ್ಲಿ, ಒಂದನ್ನು ಬಿಸಿಲಿನಲ್ಲಿ ಒಣಗಿಸಿ. ಮೂರನೆಯದನ್ನು ಒಂದು ನಿಮಿಷ ಕುದಿಯುವ ನೀರಿಗೆ ಇಕ್ಕಳದಿಂದ ಹಿಡಿದು ಅದ್ದಿ, ಆಮೇಲೆ ನೆರಳಿಗೆ ಹಾಕಿ. ಮರುದಿನ ಮೂರರ ಉದ್ದ, ಬಗ್ಗುವ ಗುಣ, ಬಣ್ಣ ಬರೆದುಕೊಳ್ಳಿ. ತೊಗಟೆ ಹದದ್ದು ಒಂದು ಸಲ, ಕ್ರೋಮ್ ಹದದ್ದು ಒಂದು ಸಲ. ನಿಮ್ಮ ಅಳತೆಗಳನ್ನು ಊರಿನ ಹೆಸರು ಹಾಕಿ ಪತ್ರಿಕೆಗೆ ಕಳಿಸಿ. ಜತ್ತದ ಬಿಸಿಲಿಗೂ ನೀಲಗಿರಿಯ ಬಿಸಿಲಿಗೂ ಅಂಕಿ ಒಂದೇ ಬರುತ್ತದೋ ಇಲ್ಲವೋ ಅನ್ನೋ ಕುತೂಹಲ ನನಗೂ ಇದೆ.